ತಂತಿ ತಾಗದೇ ಇದ್ದರೂ ಪೈಪಿಗೆ ಕರೆಂಟ್ ಬರುತ್ತದಾ?

ಬರುತ್ತದೆ. ನೀವು ಬರೆದ ಪ್ರಕಾರ ಯಲ್ಲಾಪುರದ ಹತ್ತಿರ ನಿಮ್ಮ ತೋಟಕ್ಕೆ ಹಳ್ಳದ ಪಂಪಿನಿಂದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಬಂದಿದೆ, ಅರ್ಧ ಕಿಲೋಮೀಟರ್ ದೊಡ್ಡ ಟವರ್ ಲೈನಿನ ಪಕ್ಕದಲ್ಲೇ ಮರದ ಗೂಟಗಳ ಮೇಲೆ ಹೋಗುತ್ತದೆ, ಕೆಲವು ಸಲ ಮುಟ್ಟಿದರೆ ಜುಂ ಅನ್ನುತ್ತದೆ. ಪೈಪಿನಿಂದ ಟವರ್ ಕಾಲಿಗೆ ಒಂದು ತಂತಿ ಕಟ್ಟಿದರೆ ಸರಿಹೋಗುತ್ತದೆ ಅಂತ ಯಾರೋ ಹೇಳಿದ್ದಾರೆ. ದಯವಿಟ್ಟು ಕಟ್ಟಬೇಡಿ.

ನಾನು ಶಿರಸಿಯವನು, ಪೈಪ್‌ಲೈನ್ ಕೆಲಸದಲ್ಲಿ ಎಲೆಕ್ಟ್ರಿಕಲ್ ಸೂಪರ್‌ವೈಸರ್. ಮೊದಲು ಪಂಪ್ ನೋಡಿಸಿ. ಎಲೆಕ್ಟ್ರಿಷಿಯನ್ ಕರೆಸಿ, ಮೇನ್ ಸ್ವಿಚ್ ಆಫ್ ಮಾಡಿಸಿ, ಪೈಪಿಗೂ ನೆಲಕ್ಕೂ ನಡುವೆ ಮೀಟರಿನಲ್ಲಿ ವೋಲ್ಟೇಜ್ ಅಳೆಯಲಿ. ಕೈಯಿಂದ ಮುಟ್ಟಿ ನೋಡುವುದು ಬೇಡವೇ ಬೇಡ. ಆಫ್ ಮಾಡಿದ ಮೇಲೆ ವೋಲ್ಟೇಜ್ ಹೋದರೆ ಅದು ಮೋಟರಿನ ಲೀಕೇಜ್, ಅರ್ಥಿಂಗ್ ಸರಿ ಮಾಡಿಸಿ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸುವ ತನಕ ಪಂಪ್ ಚಾಲೂ ಮಾಡಬೇಡಿ.

ಆಫ್ ಮಾಡಿದರೂ ಉಳಿದರೆ ಅದು ಟವರ್ ಲೈನಿಂದ ಬಂದಿದ್ದು. ಕೈಗಾದಿಂದ ಹೋಗುವ 400 ಕೆವಿ ಲೈನ್‌ಗಳಂಥವುಗಳ ಸುತ್ತ ಯಾವಾಗಲೂ ವಿದ್ಯುತ್ ಕ್ಷೇತ್ರ, ಕಾಂತಕ್ಷೇತ್ರ ಎರಡೂ ಇರುತ್ತವೆ. ಒಣ ಗೂಟದ ಮೇಲಿರುವ ಪೈಪ್ ನೆಲಕ್ಕೆ ತಾಗಿರುವುದಿಲ್ಲ, ಹಾಗಾಗಿ ಅದರಲ್ಲಿ ಚಾರ್ಜ್ ನಿಲ್ಲುತ್ತದೆ. ಅದಲ್ಲದೆ ಲೈನಿಗೆ ಸಮಾನಾಂತರವಾಗಿ ಪೈಪ್ ಎಷ್ಟು ಉದ್ದ ಹೋಗುತ್ತದೋ ಅಷ್ಟು ಜಾಸ್ತಿ ವೋಲ್ಟೇಜ್ ಹುಟ್ಟುತ್ತದೆ, ಇದು ಪೈಪನ್ನು ಹೂತರೂ ನಿಲ್ಲುವುದಿಲ್ಲ, ಮಣ್ಣು ಕಾಂತಕ್ಷೇತ್ರವನ್ನು ತಡೆಯುವುದಿಲ್ಲ. ಲೈನನ್ನು ನೇರ ಅಡ್ಡ ದಾಟಿ ಹೋಗುವ ಪೈಪಿಗೆ ಈ ತೊಂದರೆ ತೀರಾ ಕಡಿಮೆ. ದೊಡ್ಡ ಪೈಪ್‌ಲೈನ್‌ಗಳಲ್ಲಿ ಜನ ಮುಟ್ಟುವ ಜಾಗದಲ್ಲಿ 15 ವೋಲ್ಟ್ ದಾಟಿದರೆ ಅಪಾಯ ಅಂತಲೇ ಲೆಕ್ಕ, ಅಲ್ಲಿ ಸತುವಿನ ಪಟ್ಟಿ ಹೂತು ಅರ್ಥ್ ಮಾಡುತ್ತೇವೆ.

ನನಗೆ ನಿಜವಾಗಿ ಭಯ ಇರುವುದು ಸಿಡಿಲಿನ ದಿನದ್ದು. ಟವರಿಗೆ ಸಿಡಿಲು ಬಡಿದರೆ, ಇಲ್ಲಾ ಇನ್ಸುಲೇಟರ್ ಒಡೆದರೆ, ಸಾವಿರಾರು ಆಂಪಿಯರ್ ಟವರ್ ಕಾಲಿನಿಂದ ನೆಲಕ್ಕೆ ಇಳಿಯುತ್ತದೆ. ಬ್ರೇಕರ್ ಅದನ್ನು ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಕಡಿಯುತ್ತದೆ, ಆದರೆ ಜೀವ ಹೋಗಲು ಅಷ್ಟು ಸಾಕು. ನಮ್ಮ ಚಿರೆಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಕರೆಂಟನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಹಾಗಾಗಿ ಟವರ್ ಬುಡದ ವೋಲ್ಟೇಜ್ ಇನ್ನೂ ಏರುತ್ತದೆ. ಆ ಕಾಲಿಗೆ ನಿಮ್ಮ ಪೈಪ್ ಕಟ್ಟಿದರೆ ಅದೇ ವೋಲ್ಟೇಜ್ ನೇರ ತೋಟದೊಳಕ್ಕೆ, ನಲ್ಲಿ ತಿರುಗಿಸುತ್ತಿರುವವರ ಕೈಗೆ ಬರುತ್ತದೆ.

ಇಷ್ಟೇ ಉದ್ದಕ್ಕಾದರೆ ಜಿಐ ತೆಗೆದು ಎಚ್‌ಡಿಪಿಇ ಪೈಪ್ ಹಾಕಿಬಿಡಿ, ಅದು ಪ್ಲಾಸ್ಟಿಕ್, ಕರೆಂಟ್ ಹರಿಯುವುದಿಲ್ಲ. ಖರ್ಚಾಗುತ್ತದೆ, ಆದರೂ ನಾನು ಬೇರೆ ಸಲಹೆ ಕೊಡುವುದಿಲ್ಲ. ಹಳೇ ಪೈಪ್ ಬಿಚ್ಚುವ ಮೊದಲು ಜಾಯಿಂಟಿನ ಎರಡೂ ಕಡೆಯ ಪೈಪನ್ನು ಸೇರಿಸುವ ಹಾಗೆ ದಪ್ಪ ಕೇಬಲ್ ಜಂಪರ್ ಹಾಕಿಸಿ, ಇಲ್ಲದಿದ್ದರೆ ಎರಡು ತುದಿ ಹಿಡಿದವರ ಮೈ ಮೂಲಕವೇ ಕರೆಂಟ್ ಹರಿಯುತ್ತದೆ. ಬಿಚ್ಚಿದ ಪೈಪನ್ನು ನೆಟ್ಟಗೆ ಎತ್ತಲೇಬೇಡಿ, ಮಲಗಿಸಿಕೊಂಡೇ ಇಬ್ಬರು ಹೊರಲಿ. ಒಂದು ಪೈಪ್ 20 ಅಡಿ, ತೋಟದ ಮೇಲೆ ಹೋಗುವ 11 ಕೆವಿ ತಂತಿ ಕೆಲವು ಕಡೆ ಅಷ್ಟು ಎತ್ತರವೂ ಇರುವುದಿಲ್ಲ. ತಂತಿ ಜೋತುಬಿದ್ದಿದ್ದರೆ ಹೆಸ್ಕಾಂನ 1912ಕ್ಕೆ ಫೋನ್ ಮಾಡಿ, ಅವರು ಬಂದು ನೋಡಿದ ಮೇಲೆ ಕೆಲಸ ಶುರು ಮಾಡಿ. ಅಡ್ಡಮಳೆಗೆ ಮೋಡ ಕಟ್ಟಿದ ದಿನ ಮಾತ್ರ ಪೈಪಿನ ಹತ್ತಿರ ಯಾರನ್ನೂ ಕಳಿಸಬೇಡಿ.