ಗೊರೂರು ಹಿನ್ನೀರಿನ ಅಂಚು ಹಸಿರುಗಟ್ಟಿ ಮೀನು ಸಾಯುವುದೇಕೆ? ಹಿಡಿದ ಮೀನು ತಿನ್ನಬಹುದೇ?

ಮೊದಲು ಒಂದು ಕೋಲು ಅದ್ದಿ ನೋಡಿ. ನೂಲಿನಂತೆ ಎಳೆಎಳೆಯಾಗಿ ಸುತ್ತಿಕೊಂಡರೆ ಸಾಮಾನ್ಯವಾಗಿ ಮಾಮೂಲಿ ಪಾಚಿ. ಬಣ್ಣ ಬಳಿದಂತೆ ಹಸಿರು ಮೆತ್ತಿಕೊಂಡರೆ ಬಹುಮಟ್ಟಿಗೆ ಸಯನೋಬ್ಯಾಕ್ಟೀರಿಯಾ (ವಿಷ ಬಿಡಬಲ್ಲ ನೀಲಿ-ಹಸಿರು ಪಾಚಿ), ಬರಿಗೈಯಲ್ಲಿ ಮುಟ್ಟಬೇಡಿ.

ಗೊರೂರು ಅಣೆಕಟ್ಟೆಗೆ ನೀರು ತರುವ ಹೇಮಾವತಿ ಮೂಡಿಗೆರೆ, ಸಕಲೇಶಪುರದ ಕಾಫಿ ಸೀಮೆ ದಾಟಿ ಬರುವ ಹೊಳೆ. ತೋಟ, ಗದ್ದೆಯ ಗೊಬ್ಬರದ ರಂಜಕ ಮತ್ತು ಚರಂಡಿ ನೀರು ಸೇರಿ, ಬೇಸಿಗೆಯಲ್ಲಿ ನಿಂತ ನೀರು 25 ಡಿಗ್ರಿ ದಾಟಿತೆಂದರೆ ಇದು ಉಕ್ಕುತ್ತದೆ. ಹಗಲು ಆಮ್ಲಜನಕ ಬಿಡುವ ಇದೇ ಪಾಚಿ ರಾತ್ರಿ ಅದನ್ನು ಹೀರುತ್ತದೆ. ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿದರೆ ಬೆಳಗಿನ ಜಾವ ಕಾಟ್ಲಾ, ರೋಹು ಮೇಲಕ್ಕೆ ಬಂದು ಬಾಯಿ ಬಿಡುತ್ತವೆ. ಕಾಫಿ ಪಲ್ಪಿಂಗ್ (ಹಣ್ಣಿನ ಸಿಪ್ಪೆ ಸುಲಿಯುವ) ನೀರೂ ಹರಿದು ಬಂದರೆ ಇನ್ನೂ ಬೇಗ.

ಸತ್ತು ತೇಲಿದ್ದನ್ನು ತಿನ್ನಲೇಬೇಡಿ, ಮಾರಲೂಬೇಡಿ. ನೀರು ತಿಳಿಯಾಗುವವರೆಗೆ ಜೀವಂತ ಮೀನೂ ಬೇಡವೆಂದೇ ನನ್ನ ಸಲಹೆ: ಈ ಪಾಚಿ ಬಿಡುವ ಮೈಕ್ರೋಸಿಸ್ಟಿನ್ ವಿಷ ಮೀನಿನ ಪಿತ್ತಜನಕಾಂಗ, ಕರುಳಿನಲ್ಲಿ ಹೆಚ್ಚು ಸೇರುತ್ತದೆ, ಕುದಿಸಿದರೂ ಹೋಗುವುದಿಲ್ಲ. ದನಗಳಿಗೂ ಆ ನೀರು ಕುಡಿಸಬೇಡಿ.

ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ಮನೆಯಲ್ಲಿಟ್ಟ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) ಪಾಚಿ ಕೊಲ್ಲಲೆಂದು ದಯವಿಟ್ಟು ನೀರಿಗೆ ಸುರಿಯಬೇಡಿ. ಪಾಚಿ ಒಡೆದು ಒಳಗಿನ ವಿಷವೆಲ್ಲ ಒಂದೇ ಸಲ ನೀರಿಗಿಳಿಯುತ್ತದೆ. ಅದು ಕೊಳೆಯುವಾಗ ಉಳಿದ ಆಮ್ಲಜನಕವೂ ಮುಗಿಯುತ್ತದೆ.