ಬೇಲಿ ಕಂಡಿಯ ಉರುಳು: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಪಕ್ಕದ ತೋಟದಲ್ಲಿ ಹಂದಿಗೆಂದು ಒಡ್ಡಿದ ಉರುಳಿಗೆ ಚಿರತೆ ಬಿದ್ದು ಸತ್ತಿತು. ಒಡ್ಡಿದವರು ಬೇಟೆಗಾರರಲ್ಲ, ನಮ್ಮ ಹಾಗೆ ಅಡಿಕೆ ಬೆಳೆಯುವವರು. ಬೆಳೆ ಉಳಿಸಿಕೊಳ್ಳುವುದೂ ಬೇಟೆಯೇ? ಮನೆಯಲ್ಲಿ ಊಟಕ್ಕಿದ್ದೂ ಜನ ಕಾಡುಪ್ರಾಣಿಯನ್ನು ಯಾಕೆ ಕೊಲ್ಲುತ್ತಾರೆ?"

ಮಾನ್ಯರೇ,

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಹೌದು, ಬೇಟೆಯೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಲ್ಲುವುದಷ್ಟೇ ಬೇಟೆಯಲ್ಲ. ಉರುಳು ಒಡ್ಡುವುದು, ವಿಷ ಇಡುವುದು, ಸೋವುವುದು (ಪ್ರಾಣಿಯನ್ನು ಅಟ್ಟಿ ಓಡಿಸುವುದು), ಇವಕ್ಕೆ ಪ್ರಯತ್ನಪಡುವುದು ಎಲ್ಲವೂ ಬೇಟೆ. ಚಿರತೆ ಆ ಕಾಯ್ದೆಯ ಮೊದಲನೇ ಅನುಸೂಚಿಯ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯ ಪ್ರಾಣಿ. ಅದನ್ನು ಕೊಂದರೆ 3ರಿಂದ 7 ವರ್ಷ ಜೈಲು. 2022ರ ತಿದ್ದುಪಡಿಯಂತೆ ದಂಡ 25,000 ರೂಪಾಯಿಗೆ ಕಡಿಮೆಯಿಲ್ಲ.

ಯಾಕೆ ಎಂಬುದು ದೊಡ್ಡ ಪ್ರಶ್ನೆ. ಕೈಯಲ್ಲಿರುವ ಸಲಕರಣೆ ನೋಡಿದರೆ ಅರ್ಧ ಉತ್ತರ ಸಿಗುತ್ತದೆ.

ಮಲೆನಾಡಿನ ಹಳೆಯ ಸೋವುಬೇಟೆಯಲ್ಲಿ ಕೆಲವರು ಕೋವಿ ಹಿಡಿದು ಬಿಲ್ಲಿಗೆ (ಪ್ರಾಣಿ ಬರುವ ದಾರಿಯಲ್ಲಿ ಹೊಂಚುವ ಜಾಗಕ್ಕೆ) ಕೂರುತ್ತಿದ್ದರು, ಉಳಿದವರು ಪ್ರಾಣಿಯನ್ನು ಅತ್ತ ಅಟ್ಟಲು ನಾಯಿಗಳ ಜೊತೆ ಹಳು ನುಗ್ಗುತ್ತಿದ್ದರು. ಈಡು ಹೊಡೆದವನಿಗೆ ಹೆಚ್ಚಿನ ಪಾಲು, ಉಳಿದದ್ದು ಊರಿಗೆಲ್ಲ ಹಂಚಿಕೆ. ಇಪ್ಪತ್ತು ಮೂವತ್ತು ಮನೆಗೆ ಹಂಚಿದರೆ ಒಂದು ಹಂದಿ ಎಷ್ಟು ಬಂದೀತು? ಮಾಂಸಕ್ಕಿಂತ ಹೆಚ್ಚಾಗಿ ಜೊತೆಗೂಡುವುದು, ಗುರಿಕಾರನೆಂಬ ಹೆಸರು ಅಲ್ಲಿ ಮುಖ್ಯವಾಗಿತ್ತು. ಈ ಮರ್ಯಾದೆ ನಿನ್ನೆ ಮೊನ್ನೆಯದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಸುಮಾರು ಕ್ರಿ.ಶ. 949-50ರದು. ಹಂದಿಯೊಡನೆ ಹೋರಾಡಿ, ಅದನ್ನೂ ಕೊಂದು ತಾನೂ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬೇಟೆಯ ಹಿಂದಿನ ಈ ಅಭಿಮಾನವನ್ನು ಬರೀ ಕ್ರೌರ್ಯ ಎಂದು ತಳ್ಳಿಹಾಕಿದರೆ ಊರಿನವರ ಜೊತೆ ಮಾತುಕತೆಯೇ ನಿಂತುಹೋಗುತ್ತದೆ.

ರಾತ್ರಿ ಹಣೆಗೆ ಟಾರ್ಚ್ ಕಟ್ಟಿಕೊಂಡು ಕೋವಿ ಹಿಡಿದು ಹೊರಡುವವರದು ಹೆಚ್ಚಾಗಿ ಮಾಂಸದ ಮಾರಾಟ. ಹಲ್ಲಿನ ಕಬ್ಬಿಣದ ಬೋನು ಒಡ್ಡುವವನಿಗೆ ಬೇಕಾದದ್ದು ಹುಲಿ, ಚಿರತೆಯ ಚರ್ಮ ಮತ್ತು ಮೂಳೆ. ಇವೆರಡೂ ದುಡ್ಡಿನ ಬೇಟೆ, ಪೊಲೀಸರು ಮತ್ತು ಅರಣ್ಯ ಇಲಾಖೆ ನೋಡಿಕೊಳ್ಳಬೇಕಾದದ್ದು.

ಉರುಳಿನ ಸಂಗತಿ ಬೇರೆ. ಅದರ ಹಿಂದೆ ಸಿಟ್ಟಿದೆ, ನಷ್ಟವಿದೆ. ಸಿಕ್ಕರೆ ಮಾಂಸವೂ ಆಯಿತು ಎಂಬ ಆಸೆಯೂ ಇದೆ. ಗೊಬ್ಬರ ಹಾಕಿದ ಅಡಿಕೆ ಬುಡದಲ್ಲಿ ಎರೆಹುಳು ಹೆಚ್ಚು. ಅದಕ್ಕಾಗಿ ಹಂದಿಗಳು ಬುಡವನ್ನೇ ಉತ್ತು ಹಾಕುತ್ತವೆ. ಹಾಲುಗಟ್ಟಿದ ಭತ್ತ, ಜೋಳ, ಗೆಣಸು ಒಂದೇ ರಾತ್ರಿಯಲ್ಲಿ ಹೋಗುತ್ತವೆ. ಹೆಣ್ಣುಹಂದಿ ನಾಲ್ಕು ತಿಂಗಳಿಗೂ ಕಡಿಮೆ ಬಸಿರಿನಲ್ಲಿ ನಾಲ್ಕಾರು ಮರಿ ಹಾಕುವುದರಿಂದ ಒಂದೆರಡನ್ನು ಕೊಂದರೆ ಹಿಂಡು ಕರಗುವುದಿಲ್ಲ.

ಉರುಳಾಗಿ ಒಡ್ಡಿದ ಬೈಕಿನ ಕೇಬಲ್ಲಿಗೆ ಹಂದಿ ಯಾವುದು, ಚಿರತೆ ಯಾವುದು ಎಂದು ಗೊತ್ತಾಗುವುದಿಲ್ಲ. ಹಂದಿ ನುಸುಳುವ ಕಂಡಿಯಲ್ಲೇ ಚಿರತೆಯೂ, ನಿಮ್ಮ ನಾಯಿಯೂ ಓಡಾಡುತ್ತವೆ. ಚಿರತೆಯ ತಲೆ, ಮುಂಗಾಲು ಕುಣಿಕೆ ದಾಟಿಬಿಟ್ಟರೆ ತಂತಿ ಸೊಂಟಕ್ಕೆ ಬಿಗಿಯುತ್ತದೆ. ಎಳೆದಾಡಿದಷ್ಟೂ ಅದು ಮಾಂಸದೊಳಗೆ ಇಳಿಯುತ್ತದೆ, ಒಳಗೆ ರಕ್ತಸ್ರಾವವಾಗುತ್ತದೆ. ಅರಿವಳಿಕೆ ಕೊಟ್ಟು ಬಿಡಿಸಿದ ಪ್ರಾಣಿಯೂ ಒಳಗಾಯದಿಂದ ಆಮೇಲೆ ಸಾಯಬಹುದು. ಕೇರಳ 2022ರಲ್ಲಿ ಬೆಳೆ ಹಾಳುಮಾಡುವ ಹಂದಿ ಹೊಡೆಯಲು ಅನುಮತಿ ಕೊಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಕೊಟ್ಟಿತು. ಅಲ್ಲಿಯೂ ವಿಷ, ಸಿಡಿಮದ್ದು, ವಿದ್ಯುತ್ತಿಗೆ ಅವಕಾಶ ಕೊಡಲಿಲ್ಲ.

ಹಾಗಾದರೆ ಬೆಳೆ ಉಳಿಯುವುದು ಹೇಗೆ? ಸೋಲಾರ್ ಬೇಲಿ ಕೆಲಸ ಮಾಡುತ್ತದೆ, ನೋಡಿಕೊಂಡರೆ ಮಾತ್ರ. ಹಂದಿ ಮೂತಿಯಿಂದ ಒತ್ತಿ ನುಗ್ಗುವ ಪ್ರಾಣಿ, ಆದ್ದರಿಂದ ಕೆಳಗಿನ ತಂತಿ ನೆಲದಿಂದ ಆರು ಅಂಗುಲಕ್ಕಿಂತ ಮೇಲಿರಬಾರದು. ಮಳೆಗಾಲದಲ್ಲಿ ಹುಲ್ಲು ತಂತಿಗೆ ತಾಗಿದರೆ ಕರೆಂಟು ಮಣ್ಣಿಗೆ ಸೋರಿಹೋಗುತ್ತದೆ. ವಾರಕ್ಕೊಮ್ಮೆ ಸವರಲೇಬೇಕು. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿದರೆ ಹೊಡೆತ ಮೆತ್ತಗಾಗುತ್ತದೆ, ನೀರು ಹಾಕುತ್ತಿರಿ. ಮನೆಯ ಕರೆಂಟನ್ನು ನೇರವಾಗಿ ಬೇಲಿಗೆ ಎಂದೂ ಕೊಡಬೇಡಿ. ಸೋಲಾರ್ ಯಂತ್ರ ಬಿಟ್ಟುಬಿಟ್ಟು ಕ್ಷಣಮಾತ್ರ ಹೊಡೆಯುತ್ತದೆ. ಮನೆಯ ಕರೆಂಟು ನಿಲ್ಲದೆ ಹರಿದು ಹಿಡಿದವರ ಸ್ನಾಯುಗಳನ್ನು ಬಿಗಿಮಾಡಿಬಿಡುತ್ತದೆ, ಕೈ ಬಿಡಿಸಿಕೊಳ್ಳಲಾಗದು.

ಬೆಳೆ ಹಾನಿಯಾದ ಕೂಡಲೇ ಫೋಟೋ ತೆಗೆದು, ಪಹಣಿ ಜೊತೆ ವಲಯ ಅರಣ್ಯ ಕಚೇರಿಗೆ ಪರಿಹಾರದ ಅರ್ಜಿ ಕೊಡಿ. ಹಾನಿಯ ಗುರುತು ಅಳಿಯುವ ಮೊದಲೇ ಸಿಬ್ಬಂದಿ ಬಂದು ಸ್ಥಳ ನೋಡುವಂತಾಗಬೇಕು.

ಕೊನೆಗೆ ನಿಮ್ಮ ಕೈಯಲ್ಲೇ ಆಗುವ ಒಂದು ಕೆಲಸ. ಅಕ್ಕಪಕ್ಕದವರನ್ನು ಸೇರಿಸಿಕೊಂಡು ಹಗಲಲ್ಲಿ ಬೇಲಿಯ ಗುಂಟ ನಡೆಯಿರಿ. ಪ್ರತಿ ಕಂಡಿಯಲ್ಲೂ ಬಗ್ಗಿ, ಮೊಣಕಾಲೆತ್ತರದ ತನಕ ನೋಡಿ; ಬೇರಿಗೆ, ಗೂಟಕ್ಕೆ ಕಟ್ಟಿದ ತುದಿಯನ್ನೂ ಹುಡುಕಿ. ಖಾಲಿ ಉರುಳು ಕಂಡರೆ ಅರಣ್ಯ ಸಿಬ್ಬಂದಿಗೆ ತಿಳಿಸಿ ತೆಗೆಸಿ. ಪ್ರಾಣಿ ಬಿದ್ದಿದ್ದರೆ ಹತ್ತಿರ ಹೋಗಬೇಡಿ, ತಂತಿ ಯಾವಾಗ ಬೇಕಾದರೂ ಕಿತ್ತು ಬರಬಹುದು. ಜನ ಸೇರದಂತೆ ನೋಡಿಕೊಳ್ಳಿ, ನಾಯಿಗಳನ್ನು ಕಟ್ಟಿಹಾಕಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.

- ಸಂಪಾದಕರು