ಟೀ ಕಾಫಿನೂ ಕೊಡೋ ನಮ್ಮ ಬೇಕರಿಯಲ್ಲಿ ಯುಪಿಐ ನಿಲ್ಲಿಸಿ ಬರೀ ಕ್ಯಾಶ್ ತಗೊಂಡ್ರೆ ಜಿಎಸ್‌ಟಿ ತಾಪತ್ರಯ ತಪ್ಪುತ್ತಾ?

ತಪ್ಪಲ್ಲ. ದಯವಿಟ್ಟು ಸ್ಕ್ಯಾನರ್ ತೆಗೆಯಬೇಡಿ. 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ನೋಟಿಸ್ ಕೊಟ್ಟಾಗ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ 'ನೋ ಯುಪಿಐ' ಚೀಟಿ ಅಂಟಿಸಿದ್ರು. ಆದರೆ ಕಾನೂನು ಕೇಳೋದು ವರ್ಷದ ಒಟ್ಟು ವಹಿವಾಟು. ಕ್ಯಾಶ್ ಕೂಡ ಅದರಲ್ಲೇ ಬರುತ್ತೆ.

ವರ್ಷದ ವಹಿವಾಟು ಒಂದು ಮಿತಿ ದಾಟಿದ್ರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು: ಬರೀ ಸರಕು ಮಾರೋರಿಗೆ ಆ ಮಿತಿ 40 ಲಕ್ಷ, ಸೇವೆಗೆ 20 ಲಕ್ಷ. ನೀವು ಟೀ ಕಾಫಿನೂ ಕೊಡ್ತೀರಿ ಅಂದಿದ್ದೀರಿ. ಅದು ಹೋಟೆಲ್ ಸೇವೆ ಅನ್ನಿಸಿಕೊಳ್ಳೋದರಿಂದ 20 ಲಕ್ಷವನ್ನೇ ಮಿತಿ ಅಂದುಕೊಳ್ಳಿ, ಅಂದ್ರೆ ದಿನಕ್ಕೆ ಸುಮಾರು 5,500 ರೂಪಾಯಿ. ಹಾಲು, ಬ್ರೆಡ್‌ಗೆ ತೆರಿಗೆ ಇಲ್ಲದಿದ್ದರೂ ಅವುಗಳ ಮಾರಾಟ ಈ ಮೊತ್ತಕ್ಕೆ ಸೇರುತ್ತೆ. ಇಲ್ಲೇ ಬಹಳ ಜನ ಎಡವೋದು.

ಇನ್ನೊಂದು ದೊಡ್ಡ ತೊಂದರೆ, ಮನೆ ದುಡ್ಡು, ಅಂಗಡಿ ದುಡ್ಡು ಒಂದೇ ಖಾತೆಗೆ ಬೀಳೋದು. ಚೀಟಿ ಹಣ, ತಮ್ಮ ವಾಪಸ್ ಕೊಟ್ಟ ಕೈಸಾಲ, ಮನೆ ಬಾಡಿಗೆ ಎಲ್ಲ ಅದೇ ಕ್ಯೂಆರ್‌ಗೆ ಬಂದರೆ ಹೊರಗಿನವರಿಗೆ ಅದೆಲ್ಲ ವ್ಯಾಪಾರದ ಹಾಗೇ ಕಾಣುತ್ತೆ. ಅಂಗಡಿ ಹೆಸರಲ್ಲಿ ಕರೆಂಟ್ ಅಕೌಂಟ್ ತೆಗೆದು, ಅದಕ್ಕೆ ಮರ್ಚೆಂಟ್ ಕ್ಯೂಆರ್ ಮಾಡಿಸಿ. ಗಲ್ಲಾದ ಮೇಲೆ ಅದೊಂದೇ ಇರಲಿ. ಕ್ಯಾಶ್ ವ್ಯಾಪಾರವನ್ನ ದಿನಾ ರಾತ್ರಿ ಪುಸ್ತಕಕ್ಕೆ ಏರಿಸಿ. ಈಗಾಗಲೇ ನೋಟಿಸ್ ಬಂದಿದ್ರೆ ಸ್ಟೇಟ್‌ಮೆಂಟ್ ತೆಗೆಸಿ, ವ್ಯಾಪಾರದ್ದಲ್ಲದ ಜಮೆಗಳನ್ನ ಒಂದೊಂದಾಗಿ ಗುರುತು ಹಾಕಿ, ನೋಟಿಸ್‌ನಲ್ಲಿ ಹೇಳಿದ ತಾರೀಖಿನೊಳಗೆ ಬರವಣಿಗೆಯಲ್ಲೇ ಉತ್ತರ ಕೊಡಿ. ಸುಮ್ಮನಿದ್ರೆ ಅಧಿಕಾರಿ ತನ್ನ ಅಂದಾಜಿನ ಮೇಲೆ ತೆರಿಗೆ ಹಾಕಬಹುದು.

ಮಿತಿ ದಾಟಿದ್ರೆ ಕಾಂಪೋಸಿಷನ್ ಸ್ಕೀಮ್ ಕೇಳಿ, ಅಂದ್ರೆ ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಇಂತಿಷ್ಟು ಶೇಕಡಾ ಅಂತ ತೆರಿಗೆ ಕಟ್ಟೋ ಸರಳ ದಾರಿ. ಬರೀ ಮಾರಾಟಗಾರರಿಗೆ 1%, ಹೋಟೆಲ್ ಲೆಕ್ಕಕ್ಕೆ ಬಂದರೆ 5%. ಮೂರು ತಿಂಗಳಿಗೊಮ್ಮೆ ತೆರಿಗೆ, ವರ್ಷಕ್ಕೊಂದು ರಿಟರ್ನ್. ಗಿರಾಕಿ ಹತ್ತಿರ ತೆರಿಗೆ ವಸೂಲಿ ಮಾಡೋ ಹಾಗಿಲ್ಲ, ಕೈಯಿಂದಲೇ ಕಟ್ಟಬೇಕು. ಬೆಲೆ ಇಡುವಾಗಲೇ ಅದನ್ನ ಸೇರಿಸಿ ಯೋಚಿಸಿ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು ಸಾಲದ ವಿಷಯ. ಅಡವಿಡೋಕೆ ಏನೂ ಇಲ್ಲದ ಅಂಗಡಿಯವರ ಬಳಿ ಬ್ಯಾಂಕಿಗೆ ತೋರಿಸೋಕೆ ಇರೋದೇ ದಿನದಿನದ ಈ ಯುಪಿಐ ಜಮೆ. ಮುದ್ರಾ ಯೋಜನೆಯಲ್ಲಿ ಶಿಶು ಸಾಲ 50,000ದವರೆಗೆ, ಕಿಶೋರ ಸಾಲ 5 ಲಕ್ಷದವರೆಗೆ ಸಿಗುತ್ತೆ. ಹೊಸ ಓವನ್‌ಗೆ ಅರ್ಜಿ ಹಾಕೋ ಯೋಚನೆ ಇದ್ರೆ ಈಗಿಂದಲೇ ಅಂಗಡಿ ಖಾತೆಯ ಜಮೆ ನಿಲ್ಲದ ಹಾಗೆ ನೋಡಿಕೊಳ್ಳಿ.